ಹಾಲಮ್ಮನ ಗೇಟಿನಲ್ಲಿ ಇಳಿದವರು

ಜನವರಿ 9, ಶುಕ್ರವಾರ. ರಾತ್ರಿ ಊಟಕ್ಕೆ ಮುಂಚೆ

ಮತ್ತೆ ಅದೇ. ಗಡ್ಡ, ಮಚ್ಚು, ನಿಧಾನವಾಗಿ ನಡೆಯುವ ಕಾಲು. ಮುಖ ತೋರಿಸುವ ಮೊದಲು ಕಾಲನ್ನೇ ಎಷ್ಟು ಹೊತ್ತು ತೋರಿಸಿದರೆಂದರೆ ಚಪ್ಪಲಿ ಅಂಗಡಿಯ ಜಾಹೀರಾತು ಅನ್ನಿಸಿತು. ಇವತ್ತಿನ ಸಿನಿಮಾದಲ್ಲಿ ಸತ್ತವರಲ್ಲಿ ಒಬ್ಬನಿಗಾದರೂ ಹೆಸರಿತ್ತಾ? ಮನೆ, ತಾಯಿ, ಹಲ್ಲುನೋವು ಯಾವುದೂ ಇಲ್ಲದ ಜನ. ಗಾಳಿಯಲ್ಲಿ ಹಾರಿದರು, ಬಿದ್ದರು, ಸತ್ತರು. ಹಿಂದಿನ ಸೀಟಿನವನು ಪರದೆಯನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದ. ಕಣ್ಣು ಯಾಕೆ ಇಟ್ಟುಕೊಂಡಿದ್ದಾರೋ. ಪತ್ರಿಕೆಗೆ ಬರೆಯಬೇಕು. ಹೋದ ತಿಂಗಳು ಬರೆದದ್ದನ್ನೇ ಇನ್ನೂ ಹಾಕಿಲ್ಲ.

ವೀರೇಂದ್ರ ಭದ್ರಾವತಿಯಿಂದ ಬಂದಿದ್ದ, ಎಲ್ಲ ಶುಕ್ರವಾರದ ಹಾಗೆ. ನನ್ನ ಬೆನ್ನಿಗೆ ಹುಟ್ಟಿದ ತಮ್ಮ. ನಾನು ಅಂಚೆ ಕಚೇರಿಯಿಂದ, ಅವನು ಕಾರ್ಖಾನೆಯಿಂದ ರಿಟೈರ್ ಆದಮೇಲೆ ಶುಕ್ರವಾರ ಬಿಟ್ಟದ್ದಿಲ್ಲ. ಇಂಟರ್‌ವಲ್‌ನಲ್ಲಿ ಪಂದ್ಯ. ಕೊನೆಗೆ ಏನಾಗುತ್ತದೆ ಎಂದು ಇಬ್ಬರೂ ಹೇಳಬೇಕು. ಸೋತವರು ಭದ್ರಾವತಿಯ ಜನ್ನಾಪುರದಲ್ಲಿರುವ ಅವನ ಮನೆಗೆ ಹೋಗಿ ಅವನ ಹೆಂಡತಿ ವಿಮಲಳಿಗೆ ಪೂರ್ತಿ ಕಥೆ ಹೇಳಬೇಕು. ಥಿಯೇಟರಿನ ಸದ್ದಿಗೆ ತಲೆ ಸಿಡಿಯುತ್ತದೆ ಎಂದು ವಿಮಲ ಬರುವುದೇ ಇಲ್ಲ. ಹಿಂದೆ ಅವ್ವನಿಗೆ ಹೇಳುತ್ತಿದ್ದೆವು. ಆಗ ಭದ್ರಾವತಿಯಲ್ಲಿ ಕಾರ್ಖಾನೆಯ ಸೈರನ್ ಕೂಗಿ ಪಾಳಿಯವರು ಬರುವವರೆಗೆ ಸಿನಿಮಾ ಶುರುವಾಗುತ್ತಿರಲಿಲ್ಲ. ಅವ್ವ ಹೋದಳು. ಈಗ ವಿಮಲ ಕೇಳುತ್ತಾಳೆ.

ನಾನು ಕೆಟ್ಟದ್ದನ್ನೇ ಹೇಳುವವಳು. ಸಾಯುತ್ತಾನೆ, ಬಿಟ್ಟುಹೋಗುತ್ತಾಳೆ, ಮನೆ ಹರಾಜಾಗುತ್ತದೆ. ವೀರೇಂದ್ರ ಎಲ್ಲರನ್ನೂ ಉಳಿಸುವವನು. ಹೆಚ್ಚಾಗಿ ನಾನೇ ಗೆಲ್ಲುತ್ತೇನೆ. ಅದು ನನ್ನ ಹೆಚ್ಚುಗಾರಿಕೆಯಲ್ಲ, ನಿರ್ದೇಶಕರ ಬಡತನ.

ಇವತ್ತೂ ಅವನೇ ಸೋತ. ವಿಮಲ ಅವರೆಕಾಳು ಹಿದುಕುತ್ತಾ ಕುಳಿತಿದ್ದಳು. ಇವನು ಗೋಡೆಗೆ ಒರಗಿ ಶುರುಮಾಡಿದ. ಸತ್ತವರಿಗೆಲ್ಲ ಹೆಸರು, ಊರು ಕೊಟ್ಟ!

"ಆ ಪಂಚೆಯವನು ಇದಾನಲ್ಲ, ಕುಂಸಿ ಕಡೆಯೋನು. ಮೊನ್ನೆ ತಾನೇ ನಿಶ್ಚಿತಾರ್ಥ ಆಗಿತ್ತು. ಇವನು ಒದ್ದ ನೋಡು, ಸೀದಾ ಟ್ರಾನ್ಸ್‌ಫಾರ್ಮರ್‌ಗೆ."

"ಅಯ್ಯೋ ಪಾಪ," ವಿಮಲಳ ಕೈ ನಿಂತಿತು. "ಹುಡುಗಿ ಮನೆಗೆ ಯಾರು ಹೇಳಿದ್ರು?"

"ಅದನ್ನೇ ತೋರಿಸ್ಲಿಲ್ಲ ಮಾರಾಯ್ತಿ. ಅಷ್ಟೊತ್ತಿಗೆ ಹಾಡು ಬಂತು."

ನಕ್ಕು ನಕ್ಕು ಸಾಕಾಯಿತು. ನಾನು ನೋಡಿದ ದರಿದ್ರ ಸಿನಿಮಾ ಅಲ್ಲ ಅದು, ಬೇರೆಯದೇ. ನಡುವೆ ಎರಡು ಸಲ ಗಂಟಲು ಕಟ್ಟಿ ನೀರು ಕುಡಿದ.

ಜನವರಿ 23, ಶುಕ್ರವಾರ

ಇಂದಿನದು "ಕುಟುಂಬಸಮೇತ ನೋಡಿ" ಜಾತಿ. ತಾಯಿಗೆ ಕಾಯಿಲೆ. ಯಾವ ಕಾಯಿಲೆ ಎಂದು ಕೊನೆಯವರೆಗೂ ಹೇಳಲಿಲ್ಲ. ತುಟಿಯ ಬಣ್ಣ ಮಾಸದ, ಕೂದಲು ಕೆದರದ, ಹಾಡು ಮುಗಿದ ಮೇಲೆಯೇ ಪ್ರಾಣ ತೆಗೆಯುವ ಮರ್ಯಾದಸ್ಥ ಕಾಯಿಲೆ. ಸಾಯುವವರನ್ನು ಹತ್ತಿರದಿಂದ ನೋಡಿದವರು ಒಬ್ಬರೂ ಇಲ್ಲವೇ ಇವರ ಆಫೀಸಿನಲ್ಲಿ? ಪಕ್ಕದ ಸಾಲಿನಲ್ಲಿ ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದರು. ನನಗೆ ಸಿಟ್ಟು. ನಮ್ಮ ಕಣ್ಣೀರು ಅಷ್ಟು ಅಗ್ಗವಾಯಿತಾ.

ವೀರೇಂದ್ರನೂ ಅತ್ತ. ಅವನು ಜಾಹೀರಾತಿಗೂ ಅಳುತ್ತಾನೆ.

ಕಥೆ ಹೇಳುವಾಗ ಅರ್ಧಕ್ಕೇ ದನಿ ನಿಂತುಹೋಯಿತು. ಬಾಯಿ ಆಡುತ್ತಿದೆ, ಶಬ್ದವಿಲ್ಲ. ಟಿವಿಯ ಮ್ಯೂಟ್ ಒತ್ತಿದ ಹಾಗೆ. ವಿಮಲ ಎದ್ದು ಅರಿಶಿನದ ಹಾಲು ತಂದಳು. "ದೀಪಾವಳಿಯಿಂದ ಹಿಂಗೇ ಅಕ್ಕ. ಥಂಡಿ ಅಂತಾರೆ. ಎಂಥ ಥಂಡಿ ಮೂರು ತಿಂಗಳು?"

ಅವರ ಮಗಳು ಅಕ್ಷರಾ ಡ್ಯೂಟಿ ಮುಗಿಸಿ ಬಂದಳು. ದುರ್ಗಿಗುಡಿಯ ಒಂದು ಲ್ಯಾಬಿನಲ್ಲಿ ಕೆಲಸ. ದಿನವೂ ಊರವರ ರಕ್ತ ಪರೀಕ್ಷೆ ಮಾಡುವವಳು, ಅಪ್ಪನ ಗಂಟಲು ನೋಡಿರಲಿಲ್ಲ. ಚಪ್ಪಲಿ ಬಿಡುವ ಮೊದಲೇ ಬೈದಳು. "ಮಂಗಳವಾರ ನನ್ ಜೊತೆ ಬರ್ತಿದೀಯ ಅಪ್ಪ. ಅತ್ತೆ, ನೀವೂ ಬನ್ನಿ. ಇವರು ನನ್ ಮಾತು ಕೇಳಲ್ಲ."

ಫೆಬ್ರವರಿ 3, ಮಂಗಳವಾರ

ಡಾಕ್ಟರು ಅಕ್ಷರಾಳನ್ನೂ ನನ್ನನ್ನೂ ಒಳಗೆ ಕರೆದರು. ವೀರೇಂದ್ರ ಹೊರಗೆ ಬೆಂಚಿನಲ್ಲಿ.

ಈ ದೃಶ್ಯವನ್ನು ಎಷ್ಟು ಸಿನಿಮಾಗಳಲ್ಲಿ ಬೈದಿದ್ದೇನೆ... ಕನ್ನಡಕ ತೆಗೆಯುವ ಡಾಕ್ಟರು, ಕಿಟಕಿಯ ಕಡೆ ತಿರುಗುವುದು, ಪಿಟೀಲು. ಇಲ್ಲಿ ಅದೊಂದೂ ಇರಲಿಲ್ಲ. ಡಾಕ್ಟರ ಪೆನ್ನು ಬರೆಯಲಿಲ್ಲ. ಪೆನ್ನನ್ನು ಕೊಡವಿದರು. ಅಕ್ಷರಾ ತನ್ನದು ಕೊಟ್ಟಳು. ಅದರಲ್ಲಿ ಬರೆದರು. ಗಂಟಲಿನ ಕ್ಯಾನ್ಸರ್. ಶ್ವಾಸಕೋಶಕ್ಕೂ ಹೋಗಿದೆ. ಆಪರೇಷನ್ನಿನಿಂದ ಉಪಯೋಗವಿಲ್ಲ. ಪೆನ್ನು ವಾಪಸು ಕೊಡಲು ಮರೆತರು. ಅಕ್ಷರಾ ಕೇಳಲಿಲ್ಲ.

ಜನ್ನಾಪುರಕ್ಕೆ ಹೋದಾಗ ವಿಮಲ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದಳು. "ಅವರಿಗೆ ಹೇಳ್ಬೇಡಿ ಅಕ್ಕ. ಗಂಟು ಅನ್ನಿ. ಮಾತ್ರೇಲಿ ಕರಗುತ್ತೆ ಅನ್ನಿ. ಹೆದರಿಕೇಲೇ ಹೋಗ್ಬಿಡ್ತಾರೆ." ಅಕ್ಷರಾ ಒಪ್ಪಲಿಲ್ಲ. ಆಮೇಲೆ ಒಪ್ಪಿದಳು. ನಾನೂ.

ಗಂಟು ಎಂದೆವು. ಸರಿ ಎಂದ. "ಶುಕ್ರವಾರ ಯಾವ್ದು?" ಎಂದು ಕೇಳಿದ.

ಫೆಬ್ರವರಿ 6, ಶುಕ್ರವಾರ

ಹೊತ್ತು ಬಹಳವಾಗಿದೆ. ಆದರೂ ಬರೆದೇ ಮಲಗಬೇಕು.

ಇಂದಿನ ಸಿನಿಮಾ: ಲಾರಿ ಡ್ರೈವರ್ ಅಪ್ಪ, ಮಾತು ಬಿಟ್ಟ ಮಗ. ಇಂಟರ್‌ವಲ್‌ಗೆ ಸರಿಯಾಗಿ ಘಾಟಿಯಲ್ಲಿ ಲಾರಿ ಉರುಳುತ್ತದೆ. ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ಡ್ರೈವರ್ ಪಾತ್ರದವನು ಸ್ಟೀರಿಂಗ್ ಹಿಡಿದದ್ದು ಮಾತ್ರ ಸರಿಯಾಗಿತ್ತು.

ಲೈಟು ಬಂತು. ಬ್ಯಾಗಿನಿಂದ ಕೋಡುಬಳೆ ತೆಗೆದೆ. ಮಾಲ್‌ನವರ ಕಣ್ಣು ತಪ್ಪಿಸಿ ತರುವುದು ನಮ್ಮ ಹಳೆಯ ಸತ್ಯಾಗ್ರಹ. ಅವನು ಒಂದನ್ನು ಬಾಯಲ್ಲಿಟ್ಟುಕೊಂಡು ಚೀಪಿದ. ಅಗಿದು ನುಂಗಲು ಆಗುವುದಿಲ್ಲ.

"ಹೇಳಕ್ಕ. ಡ್ರೈವರ್ ಏನಾಗ್ತಾನೆ?"

"ಬದುಕ್ತಾನೆ," ಎಂದೆ. "ಮಗ ಬರ್ತಾನೆ. ಆಸ್ಪತ್ರೇಲಿ ಇಬ್ರೂ ಒಂದಾಗ್ತಾರೆ."

ಬಾಯಿಂದ ಬಂದೇಬಿಟ್ಟಿತು. ಅವನ ಪಕ್ಕದಲ್ಲಿ ಕುಳಿತು "ಸಾಯ್ತಾನೆ" ಎನ್ನಲು ನಾಲಿಗೆ ಏಳಲಿಲ್ಲ.

ಅವನು ಕೋಡುಬಳೆಯನ್ನು ಬಾಯಿಂದ ತೆಗೆದ. "ಏನಂದೆ?"

"ಬದುಕ್ತಾನೆ ಅಂದೆ."

"ಇಲ್ಲೀತನಕ ಯಾರನ್ನಾದ್ರೂ ಉಳಿಸಿದೀಯಾ ನೀನು? ಒಂದು ನಾಯಿಮರೀನೂ ಉಳಿಸಿಲ್ಲ ಮಾರಾಯ್ತಿ."

ಪರದೆಯ ಮೇಲೆ ಸೀರೆ ಅಂಗಡಿಯ ಜಾಹೀರಾತು. ನಾನು ಅದನ್ನೇ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದುದು ಕೆನ್ನೆಗೆ ತಾಕುತ್ತಿತ್ತು.

"ಡಾಕ್ಟ್ರು ಅಷ್ಟು ಕೆಟ್ಟದಾಗಿ ಹೇಳಿದ್ರಾ?"

ಕೋಡುಬಳೆಯ ಪೊಟ್ಟಣವನ್ನು ಬ್ಯಾಗಿಗೆ ತುರುಕಿದೆ. ಲೈಟು ಆರತೊಡಗಿತು.

"ಹಂಗಾದ್ರೆ ನಾನು ಸಾಯ್ತಾನೆ ಅಂತೀನಿ," ಎಂದ. "ಒಬ್ರಾದ್ರೂ ಹೇಳ್ಬೇಕಲ್ಲ."

ಡ್ರೈವರ್ ಬದುಕಿದ. ಮಗ ಬಂದ. ಆಸ್ಪತ್ರೆಯಲ್ಲಿ ಅಪ್ಪಿಕೊಂಡರು. ನಾನು ಗೆದ್ದೆ.

ಸೋತವನು ಅವನು. ಇರುವಷ್ಟೇ ದನಿಯಲ್ಲಿ ವಿಮಲಳಿಗೆ ಕಥೆ ಹೇಳಿದ. ಲಾರಿಯ ಹಿಂದೆ ಬರೆದಿದ್ದ ಸಾಲನ್ನೂ ಬಿಡಲಿಲ್ಲ. ಮುಗಿಸಿದ ಮೇಲೆ, "ವಿಮಲ, ಇದು ಬರೀ ಗಂಟು ಅಲ್ಲ ಅಂತ ಗೊತ್ತಾಯ್ತು. ಅಕ್ಕ ಬಾಯಿಬಿಟ್ಟಿಲ್ಲ, ಅವಳ ಮೇಲೆ ಕೋಪ ಮಾಡ್ಕೋಬೇಡ" ಎಂದ. ವಿಮಲ ಅಡುಗೆಮನೆಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಬಹಳ ಹೊತ್ತು ಬಂತು. ತೊಳೆಯಲು ಪಾತ್ರೆ ಇರಲಿಲ್ಲ, ಆಗಲೇ ತೊಳೆದಿಟ್ಟಿದ್ದಳು.

ಬಸ್ ಸ್ಟಾಪಿನವರೆಗೆ ಬಂದ. ಬೇಡವೆಂದರೂ ಕೇಳಲಿಲ್ಲ.

"ಅಕ್ಕ, ಇನ್ಮೇಲೆ ನನ್ನೆದುರು ಒಳ್ಳೇದು ಹೇಳ್ಬೇಡ. ನೀನು ಒಳ್ಳೇದು ಹೇಳಿದ್ರೆ ನನಗೆ ಹೆದರಿಕೆ ಆಗುತ್ತೆ."

ಫೆಬ್ರವರಿ 8

ಬರೆಯಲು ಏನೂ ಇಲ್ಲ.

ಮಾರ್ಚ್ 4, ಬುಧವಾರ

ಮಣಿಪಾಲಕ್ಕೆ ಹೋಗಿ ಬಂದೆವು, ಮತ್ತೆ ಹೋಗಿ ಬಂದೆವು. ಉಸಿರಾಡಲು ಕತ್ತಿನಲ್ಲಿ ತೂತು ಮಾಡಿ ನಳಿಗೆ ಇಟ್ಟಿದ್ದಾರೆ. ದನಿ ಪೂರ್ತಿ ಹೋಯಿತು. ಅಕ್ಷರಾ ನಳಿಗೆ ಶುಚಿ ಮಾಡುವುದನ್ನು ಕಲಿತಿದ್ದಾಳೆ. ವಿಮಲಳೂ ಕಲಿತಳು. ನಾನು ಇನ್ನೂ ಕಲಿಯುತ್ತಿದ್ದೇನೆ.

ಕಾಯಿಲೆಯ ಬಗ್ಗೆ ಇಷ್ಟು ಸಿನಿಮಾ ಬಂದವಲ್ಲ, ಒಂದರಲ್ಲಾದರೂ ಕಫದ ಸದ್ದು ಇತ್ತಾ? ಇಲ್ಲ. ರೋಗಿಗೆ ಬೇಜಾರಾಗುವುದನ್ನು ಯಾರಾದರೂ ತೋರಿಸಿದರಾ? ನೋವಿಗಿಂತ ಅವನಿಗೆ ಬೇಜಾರೇ ಹೆಚ್ಚು. ಗೋಡೆ ನೋಡುತ್ತಾನೆ, ಫ್ಯಾನ್ ನೋಡುತ್ತಾನೆ. ಪೇಪರಿನ ಸಿನಿಮಾ ಪುಟ ಹಿಡಿದು ನನ್ನ ಮುಂದೆ ಅಲ್ಲಾಡಿಸುತ್ತಾನೆ.

ಮಾರ್ಚ್ 13, ಶುಕ್ರವಾರ

ಕರೆದುಕೊಂಡು ಹೋದೆ. ಅಕ್ಷರಾ ರಜೆ ಹಾಕಿ ಜೊತೆಗೆ ಬಂದಳು. ಕತ್ತಿಗೆ ಟವೆಲು ಸುತ್ತಿ ಮದುವಣಿಗನ ಹಾಗೆ ಹೊರಟ.

ಬೆಳಗ್ಗೆ ಒಂದೇ ಶೋ. ಥಿಯೇಟರಿನಲ್ಲಿ ಬೆರಳೆಣಿಕೆಯ ಜನ. ಹೆಸರು ಕೇಳದ ನಟರು, ಹೆಸರು ಕೇಳದ ನಿರ್ದೇಶಕ. ಬೈಯಲು ಸಿದ್ಧಳಾಗಿಯೇ ಕುಳಿತೆ.

ಬೈಯಲು ಏನೂ ಸಿಗಲಿಲ್ಲ.

ಹಾಲಮ್ಮ ಎಂಬವಳು. ರೈಲ್ವೆ ಗೇಟ್‌ಮನ್‌ನ ಹೆಂಡತಿ. ಗಂಡ ಒಂದು ದಿನ ಎಲ್ಲಿಗೋ ಹೋದವನು ಬಂದಿಲ್ಲ. ಕೆಳಸೇತುವೆ ಆಗಿರುವುದರಿಂದ ಗೇಟೂ ಬೇಡವಾಗಿದೆ, ಇಲಾಖೆ ಅದನ್ನು ಮರೆತಿದೆ. ಇವಳು ಮಾತ್ರ ರೈಲಿನ ಸದ್ದು ಕೇಳಿದರೆ ಓಡಿಬಂದು ಗೇಟು ಹಾಕುತ್ತಾಳೆ. ಆ ಕಡೆ ಒಂದು ಮೇಕೆ ನಿಂತಿರುತ್ತದೆ. ಅಷ್ಟೇ. ಮೇಕೆ ಕಾಯುತ್ತದೆ. ರೈಲು ಹೋಗುತ್ತದೆ. ಗೇಟು ತೆಗೆಯುತ್ತಾಳೆ. ಮೇಕೆ ದಾಟುತ್ತದೆ. ಹಿನ್ನೆಲೆ ಸಂಗೀತವಿಲ್ಲ. ಅವಳ ಬಳೆಯ ಸದ್ದು, ಸರಪಳಿಯ ಸದ್ದು. ನೋಡುವವರ ಮೇಲೆ ನಂಬಿಕೆಯಿಟ್ಟು ಮಾಡಿದ ಸಿನಿಮಾ. ಇಪ್ಪತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ. ಪುಣ್ಯಾತ್ಮ, ಯಾವ ಊರಿನವನೋ.

ಎಂದೂ ನಿಲ್ಲದ ರೈಲು ಗೇಟಿನ ಹತ್ತಿರ ನಿಲ್ಲುತ್ತದೆ. ಯಾರೋ ಇಳಿಯುತ್ತಾರೆ. ಜಲ್ಲಿಯ ಮೇಲೆ ಒಂದು ತಗಡಿನ ಪೆಟ್ಟಿಗೆ ಇಡುತ್ತಾರೆ. ಪೆಟ್ಟಿಗೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಇಂಟರ್‌ವಲ್.

ವೀರೇಂದ್ರ ನನ್ನ ಮೊಣಕೈ ತಿವಿದ. ಹಣೆಗೆ ಬೆರಳು ಮುಟ್ಟಿ ಕುಂಕುಮ ತೋರಿಸಿದ, ಮೀಸೆ ತಿರುವಿದ. ಗಂಡ ಬಂದ ಅಂತ.

"ಅಲ್ಲ," ಎಂದೆ. "ಇಲಾಖೆಯೋರು. ಗೇಟು ಕಿತ್ಕೊಂಡು ಹೋಗೋಕೆ ಬಂದಿದಾರೆ. ಮನೆ ಖಾಲಿ ಮಾಡು ಅಂತಾರೆ."

ಅವನ ಮುಖ ಅರಳಿತು. ತೊಡೆ ತಟ್ಟಿದ. ಅಕ್ಕ ವಾಪಸು ಬಂದಳು ಎನ್ನುವ ಹಾಗೆ.

ಅಷ್ಟರಲ್ಲಿ ಕೆಮ್ಮು. ನಳಿಗೆ ಕಟ್ಟಿಕೊಂಡಿತು. ಅಕ್ಷರಾ ಕಾರಿಡಾರಿಗೆ ಕರೆದೊಯ್ದು ಕಫ ತೆಗೆದಳು. ತುಟಿ ನೀಲಿಯಾಗಿತ್ತು. ಆಟೋ ಹತ್ತಿಸಿದೆವು. ಅವನು ತಿರುಗಿ ತಿರುಗಿ ಮಾಲ್‌ನ ಕಡೆ ಕೈ ಮಾಡುತ್ತಿದ್ದ. ಮನೆ ತಲುಪಿದ ಮೇಲೂ ನನ್ನ ಸೆರಗು ಹಿಡಿದು ಅದೇ ಸನ್ನೆ: ನೀನು ಹೋಗು, ನೋಡು, ಬಂದು ಹೇಳು.

ಹೇಳುತ್ತೇನೆ ಎಂದೆ.

ಮಾರ್ಚ್ 16, ಸೋಮವಾರ

ಶನಿವಾರ, ಭಾನುವಾರ ಅವನ ಹತ್ತಿರ. ಇವತ್ತು ಬೆಳಗ್ಗೆ ರವೀಂದ್ರನಗರದ ನನ್ನ ಮನೆಗೂ ಹೋಗದೆ ಬಸ್ಸಿಳಿದು ಸೀದಾ ಮಾಲ್‌ಗೆ.

"ಅದು ಹೋಯ್ತಮ್ಮ," ಎಂದ ಕೌಂಟರಿನವನು. ಪುನೀತ್ ಎಂದು ಎದೆಯ ಮೇಲೆ ಬರೆದಿತ್ತು.

"ಎಲ್ಲಿಗೆ ಹೋಯ್ತು? ಶುಕ್ರವಾರ ಬಂದದ್ದು!"

"ಶನಿವಾರವೇ ತೆಗೆದ್ವಿ. ಜನ ಇಲ್ಲ. ಯುಗಾದಿಗೆ ದೊಡ್ಡ ಸಿನಿಮಾ ಇದೆಯಲ್ಲ, ಅದಕ್ಕೆ ಬುಕಿಂಗ್ ಓಪನ್ ಆಗಿದೆ. ಮಾಡ್ಲಾ?"

"ನೀನು ನೋಡಿದ್ಯೇನಪ್ಪ ಅದನ್ನ? ಕೊನೆಗೆ ಯಾರು ಇಳೀತಾರೆ ರೈಲಿಂದ?"

ಹುಡುಗ ಹಿಂದಿದ್ದವರ ಕಡೆ ನೋಡಿ ನಕ್ಕ. "ನಾವು ಯಾವ್ದೂ ನೋಡಲ್ಲಮ್ಮ. ಬರೀ ಮಾರ್ತೀವಿ."

ನಿಂತು ಕೂಗಾಡಿದೆ. ಮಚ್ಚಿಗೆ ಎಲ್ಲ ಪರದೆ, ಹಾಲಮ್ಮನಿಗೆ ಒಂದು ಬೆಳಗೂ ಇಲ್ಲವಾ ಎಂದು. ಸೆಕ್ಯುರಿಟಿಯವನು ಬಂದು "ಬನ್ನಿ ಅಜ್ಜಿ" ಎಂದು ಮೆಟ್ಟಿಲವರೆಗೆ ಬಿಟ್ಟ. ಗೋಪಿ ಸರ್ಕಲ್ ತನಕ ನಡೆದುಕೊಂಡೇ ಬಂದೆ. ಭದ್ರಾವತಿಯ ಥಿಯೇಟರುಗಳಲ್ಲಿ ವಿಚಾರಿಸಿದೆ, ಅಲ್ಲೂ ಇಲ್ಲ. ಅಕ್ಷರಾ ಫೋನಿನಲ್ಲಿ ಹುಡುಕಿದಳು. ಇನ್ನೂ ಬಂದಿಲ್ಲ. ವಿಮರ್ಶೆ ಬರೆದ ಒಬ್ಬಿಬ್ಬರು "ಅಂತ್ಯವನ್ನು ಚಿತ್ರಮಂದಿರದಲ್ಲೇ ನೋಡಿ" ಎಂದಿದ್ದಾರೆ. ಎಲ್ಲಿದೆ ಸ್ವಾಮಿ ಚಿತ್ರಮಂದಿರ?

ಮಾರ್ಚ್ 18, ಬುಧವಾರ

ಸತ್ಯ ಹೇಳಿಬಿಡೋಣ ಎಂದೇ ಹೊರಟದ್ದು. ಸಿನಿಮಾ ತೆಗೆದರು, ನೋಡಲಾಗಲಿಲ್ಲ, ಅಷ್ಟೇ.

ಒಳಗೆ ಹೋದರೆ ದಿಂಬಿಗೆ ಒರಗಿ ಕುಳಿತಿದ್ದಾನೆ. ಮುಖ ಕ್ಷೌರ ಮಾಡಿಸಿದ್ದಾರೆ. ವಿಮಲ ಕೆಲಸ ಬಿಟ್ಟು ಮಂಚದ ಕಾಲ ಬಳಿ ಬಂದು ಕುಳಿತಳು. "ನಿನ್ನೆಯಿಂದ ಬಾಗಿಲು ನೋಡ್ತಿದಾರೆ ಅಕ್ಕ. ಮೊದ್ಲಿಂದ ಹೇಳಿ, ನನಗೂ ಗೊತ್ತಾಗ್ಲಿ."

ಬ್ಯಾಗು ಕೆಳಗಿಟ್ಟು ಕುಳಿತೆ. ಇಲಾಖೆಯವರು ಬಂದರು ಎಂದರೆ ಅವನು ನಂಬುತ್ತಾನೆ. ಅದು ನನ್ನ ಮಾತು. ಗಂಡ ಬಂದ ಎಂದರೆ... ಒಳ್ಳೆಯದು ಹೇಳಬೇಡ ಎಂದಿದ್ದಾನೆ. ಹೇಳಿದರೆ ಹೆದರುತ್ತಾನೆ. ಇವತ್ತು ನಾನು ಅವನನ್ನು ಹೆದರಿಸಲಾರೆ. ಸೋಲಿಸಲೂ ಆರೆ.

ಆದ್ದರಿಂದ ಬೈಯತೊಡಗಿದೆ.

"ಕೆಡಿಸಿಬಿಟ್ಟ ಕಣೋ. ಎಂಥ ಸಿನಿಮಾನ ಕೊನೇಲಿ ಹಾಳುಮಾಡಿಬಿಟ್ಟ. ಧೈರ್ಯವೇ ಇಲ್ಲ ಈಗಿನ ಹುಡುಗರಿಗೆ."

ಅವನು ಹುಬ್ಬು ಏರಿಸಿದ.

"ಏನು ಮಾಡ್ದ ಗೊತ್ತಾ? ಗಂಡನ್ನ ಕರ್ಕೊಂಡು ಬಂದ! ಆ ಪೆಟ್ಟಿಗೆ ಹಿಡ್ಕೊಂಡು ಇಳಿದೋನು ಗಂಡನೇ. ನಾಚಿಕೆ ಆಗ್ಬೇಕು. ಇಲಾಖೆ, ಕಾನೂನು ಎಲ್ಲ ಬಿಟ್ಟು ಗಂಡ ಬಂದ್ನಂತೆ."

"ಬೈಬೇಡಿ ಅಕ್ಕ, ಕಥೆ ಹೇಳಿ," ಎಂದಳು ವಿಮಲ. "ಬಂದು ಏನ್ ಮಾಡ್ದ? ಅವಳು ಓಡಿಬಂದ್ಲಾ?"

"ಎಲ್ಲಿ ಓಡ್ತಾಳೆ? ರೈಲು ನಿಂತಿದೆ, ಗೇಟು ಹಾಕಿದೆ, ಸರಪಳಿ ಕೈಯಲ್ಲಿದೆ. ಇವನು ಆ ಕಡೆ, ಅವಳು ಈ ಕಡೆ. ಮಧ್ಯೆ ರೈಲು. ರೈಲು ಹೋಗೋತನಕ ಮುಖವೇ ಕಾಣಲ್ಲ. ಚಕ್ರದ ಸಂದೀಲಿ ಅವನ ಕಾಲು ಕಾಣುತ್ತೆ. ಕಾಲು ನೋಡೇ ಅವಳಿಗೆ ಗೊತ್ತಾಗುತ್ತೆ."

ಇದು ಎಲ್ಲಿಂದ ಬಂತೋ. ನಾನು ಕಂಡದ್ದಲ್ಲ, ಕೇಳಿದ್ದಲ್ಲ.

"ರೈಲು ಹೋಯ್ತು. ಅವಳು ಗೇಟು ತೆಗೀಬೇಕಲ್ಲ, ತೆಗೆಯಲ್ಲ. ಇಷ್ಟು ದಿನ ಕಾದಿದೀನಿ, ನೀನೂ ನಿಲ್ಲು ಅನ್ನೋ ಹಂಗೆ ನೋಡ್ತಾಳೆ. ಅವನು ಪೆಟ್ಟಿಗೆ ಮೇಲೆ ಕೂತ್ಕೋತಾನೆ. ಪಕ್ಕದಲ್ಲಿ ಮೇಕೆ. ಇಬ್ರೂ ಕಾಯ್ತಾರೆ. ಆಮೇಲೆ ತೆಗೀತಾಳೆ. ಮೊದ್ಲು ಮೇಕೆ ಬಂತು."

"ಆಮೇಲೆ?"

"ಆಮೇಲೆ ಅವನು. ಮುಗೀತು. ಸಪ್ಪೆ."

ವಿಮಲ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ವೀರೇಂದ್ರ ನನ್ನನ್ನು ನೋಡಿದ. ಬಹಳ ಹೊತ್ತು. ಆಮೇಲೆ ಎರಡೂ ಕೈಯಿಂದ ಅಂಗಿಯ ಕಾಲರ್ ಎತ್ತಿ ತೋರಿಸಿದ. ಗೆದ್ದೆ ಎಂದು. ನನ್ನ ಕಡೆ ಬೆರಳು ಮಾಡಿ ನಕ್ಕ. ನಗುವಿಗೆ ಸದ್ದಿಲ್ಲ, ನಳಿಗೆಯಲ್ಲಿ ಗಾಳಿ ಮಾತ್ರ.

ನಂಬಿದನೋ, ನನ್ನ ಮರ್ಯಾದೆ ಉಳಿಸಿದನೋ.

ನಾನು ನೋಡಿದ ಅತ್ಯುತ್ತಮ ಸಿನಿಮಾವನ್ನು ಇವತ್ತು ಮನಸಾರೆ ಬೈದೆ. ಆ ನಿರ್ದೇಶಕ ಕ್ಷಮಿಸಲಿ.

ಮಾರ್ಚ್ 31, ಮಂಗಳವಾರ

ವೀರೇಂದ್ರ ಹೋಗಿ ಹನ್ನೊಂದು ದಿನ. ಶಿವಗಣಾರಾಧನೆ ಮುಗಿಯಿತು. ಕಾರ್ಖಾನೆಯ ಸ್ನೇಹಿತರು ಬಂದಿದ್ದರು. ಊಟದ ಪಂಕ್ತಿಯಲ್ಲಿ ಒಬ್ಬರಾದ ಮೇಲೊಬ್ಬರು, ಪಾಳಿಯ ನಡುವೆ ವೀರೇಂದ್ರ ಹೇಗೆ ಸಿನಿಮಾ ಕಥೆ ಹೇಳುತ್ತಿದ್ದ ಎಂದು ಹೇಳಿದರು. ದೇವರಾಜ್ ಎಂಬವರು ಎದ್ದು ನಿಂತು ಅಭಿನಯಿಸಿಯೂ ತೋರಿಸಿದರು. ಒಂದೂ ಅವನ ಹಾಗೆ ಬರಲಿಲ್ಲ.

ಏಪ್ರಿಲ್ 3, ಶುಕ್ರವಾರ

ಹೋಗಲಿಲ್ಲ.

ಏಪ್ರಿಲ್ 10, ಶುಕ್ರವಾರ

ಹೋದೆ. ಯುಗಾದಿಯ ದೊಡ್ಡ ಸಿನಿಮಾ ಇನ್ನೂ ಓಡುತ್ತಿದೆ. ಮೊದಲ ಹೊಡೆದಾಟದಲ್ಲೇ ಒಬ್ಬ ಕಂಬಕ್ಕೆ ಬಡಿದು ಬಿದ್ದ. ಪಂಚೆ ಉಟ್ಟಿದ್ದ. ಇವನು ಯಾವ ಊರಿನವನೋ, ಮನೆಯಲ್ಲಿ ಯಾರಿದ್ದಾರೋ ಎಂದುಕೊಂಡದ್ದೇ, ಕೂರಲಾಗಲಿಲ್ಲ. ಎದ್ದು ಬಂದೆ.

ಏಪ್ರಿಲ್ 17, ಶುಕ್ರವಾರ. ಮಧ್ಯಾಹ್ನ

ಅಕ್ಷರಾ ಬೆಳಗ್ಗೆ ಮೆಸೇಜ್ ಕಳಿಸಿದಳು. ಹಾಲಮ್ಮನ ಸಿನಿಮಾ ಫೋನಿಗೆ ಬಂದಿದೆ. ಅದರ ಹಿಂದೆಯೇ ವಿಮಲಳ ಫೋನು. ದನಿಯಲ್ಲಿ ಎಷ್ಟೋ ದಿನದ ಮೇಲೆ ಒಂದು ಹುರುಪು. "ಊಟ ಮಾಡ್ಕೊಂಡು ಬರ್ತೀನಿ ಅಕ್ಕ. ಫೋನಲ್ಲಾದ್ರೆ ಸದ್ದು ಕಮ್ಮಿ ಇಟ್ಕೋಬಹುದು. ಅವರು ಗೆದ್ದ ಸಿನಿಮಾ, ನಾನೂ ಒಂದ್ಸಲ ನೋಡ್ತೀನಿ."

ಬೇಡ ಎನ್ನಲು ಕಾರಣ ಹೊಳೆಯಲಿಲ್ಲ.

ಅವಳು ಬರುವ ಮೊದಲು ನೋಡಿಟ್ಟುಕೊಳ್ಳೋಣ ಎಂದು ಕುಳಿತೆ. ಮೇಕೆ, ಬಳೆ, ಸರಪಳಿ. ಅಷ್ಟೇ ಚೆನ್ನಾಗಿದೆ. ಇನ್ನೂ ಚೆನ್ನಾಗಿದೆ. ರೈಲು ನಿಂತಿತು. ಪೆಟ್ಟಿಗೆ ಇಳಿಯಿತು. ಅಲ್ಲಿಗೇ ನಿಲ್ಲಿಸಿದ್ದೇನೆ.

ಆ ನಿರ್ದೇಶಕನ ಧೈರ್ಯ ಎಷ್ಟು ಎಂಬುದು ಈಗ ನನಗೆ ಗೊತ್ತು. ಇಂಥವನು ಗಂಡನನ್ನು ಕರೆತರುವುದಿಲ್ಲ. ಬೆರಳು ಒತ್ತಿದರೆ ಇಲಾಖೆಯವರು ಇಳಿಯುತ್ತಾರೆ. ನಾನು ಗೆಲ್ಲುತ್ತೇನೆ. ವೀರೇಂದ್ರ ಸೋಲುತ್ತಾನೆ. ವಿಮಲ ನನ್ನ ಪಕ್ಕದಲ್ಲೇ ಕುಳಿತಿರುತ್ತಾಳೆ.

ಅಥವಾ ಕರೆತಂದಿರಬಹುದು. ಈ ಒಂದು ಸಲ ನಾನು ತಪ್ಪಿರಬಹುದು.

ಫೋನು ಲೋಟಕ್ಕೆ ಒರಗಿದೆ. ಜಲ್ಲಿಯ ಮೇಲೆ ಪೆಟ್ಟಿಗೆ. ಹಿಡಿಯ ಮೇಲಿಂದ ಕೈ ಇನ್ನೂ ಪೂರ್ತಿ ಸರಿದಿಲ್ಲ. ಗಂಡಸಿನ ಕೈ. ಅಷ್ಟರಿಂದ ಏನೂ ಹೇಳಲಾಗುವುದಿಲ್ಲ.

ಗೇಟಿನ ಸದ್ದು. ವಿಮಲ ಬಂದಳು, ಚಪ್ಪಲಿ ಬಿಡುತ್ತಿದ್ದಾಳೆ.

"ಬಂದ್ನಾ ಅಕ್ಕ?" ಎನ್ನುತ್ತಿದ್ದಾಳೆ ಬಾಗಿಲಿನಿಂದಲೇ, "ಅವನು ಬರೋ ಜಾಗ ಬಂತಾ? ಇರಿ, ನಾನು ಬರೋತನಕ ಮುಂದೆ ಬಿಡ್ಬೇಡಿ."